ಚಾಮ್ ಜನರ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು: ರಾಜ್ಯ ಹೋದ್ಮೇಲೂ ಇವರು ಹೆಂಗೆ ಉಳ್ಕೊಂಡ್ರು?

ಈಗೀಗ ನಮ್ಮ ಕಡೆಯಿಂದ ವಿಯೆಟ್ನಾಂ ಟೂರ್ ಹೋಗೋರು ಜಾಸ್ತಿ ಆಗಿದ್ದಾರೆ. ಡಾ ನಾಂಗ್‌ಗೆ ಹೋಗ್ತಾರೆ, ಅಲ್ಲಿಂದ ಮೀ ಸೋನ್ ಇಟ್ಟಿಗೆ ದೇವಸ್ಥಾನ ನೋಡ್ಕೊಂಡು ಫೋಟೋ ಹಾಕ್ತಾರೆ (ನಮ್ಮೋರು ಮೈ ಸನ್ ಅಂತ ಓದ್ತಾರೆ, ಪರವಾಗಿಲ್ಲ), ಕೆಳಗೆ ಕಾಮೆಂಟಲ್ಲಿ ಯಾರಾದ್ರೂ ಒಬ್ಬರು "ಇದನ್ನ ಕಟ್ಟಿದ ಜನ ಎಲ್ಲಿ ಹೋದ್ರು" ಅಂತ ಕೇಳೇ ಕೇಳ್ತಾರೆ. ಎಲ್ಲೂ ಹೋಗಿಲ್ಲ, ಅಲ್ಲೇ ಇದ್ದಾರೆ, ಸ್ವಲ್ಪ ದಕ್ಷಿಣಕ್ಕೆ. ಅದನ್ನ ಪ್ರತಿ ಸಲ ಬಿಡಿಬಿಡಿಯಾಗಿ ಬರೆಯೋ ಬದಲು ಒಂದೇ ಕಡೆ ಹಾಕ್ತಿದೀನಿ.

ಚಾಮ್ ಅಂದ್ರೆ ಯಾರು? ಎಲ್ಲಿದ್ದಾರೆ?

ವಿಯೆಟ್ನಾಂನ ಮಧ್ಯಭಾಗದ ಕರಾವಳಿಯಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಚಂಪಾ ಅನ್ನೋ ರಾಜ್ಯ ಇತ್ತು, ಸರಿಯಾಗಿ ಹೇಳ್ಬೇಕಂದ್ರೆ ಒಂದೇ ರಾಜ್ಯ ಅಲ್ಲ, ಅಮರಾವತಿ, ವಿಜಯ, ಕೌಠಾರ, ಪಾಂಡುರಂಗ ಅಂತ ಬೇರೆ ಬೇರೆ ಬಂದರು ಸೀಮೆಗಳ ಗುಂಪು. ಅವರ ವಂಶಸ್ಥರೇ ಚಾಮ್. ಭಾಷೆ ವಿಯೆಟ್ನಾಮೀಸ್ ಜೊತೆ ಸಂಬಂಧ ಇಲ್ಲದ್ದು, ಮಲಯ್, ಸುಮಾತ್ರಾದ ಅಚೇ ಭಾಷೆಗಳ ಕುಟುಂಬದ್ದು. ಸಮುದ್ರದ ಜನ.

ವಿಯೆಟ್ನಾಂನಲ್ಲಿ 2019ರ ಜನಗಣತಿ ಪ್ರಕಾರ 1,78,948 ಜನ. ಅರ್ಧಕ್ಕಿಂತ ಜಾಸ್ತಿ ಜನ ನಿನ್ ತುವಾನ್, ಬಿನ್ ತುವಾನ್ ಪ್ರಾಂತ್ಯಗಳಲ್ಲಿ, ಅಂದ್ರೆ ಹಳೇ ಪಾಂಡುರಂಗದ ಜಾಗದಲ್ಲೇ. (2025ರ ಜುಲೈನಲ್ಲಿ ಪ್ರಾಂತ್ಯಗಳನ್ನ ಮರ್ಜ್ ಮಾಡಿದ್ರು, ನಿನ್ ತುವಾನ್ ಈಗ ಖಾನ್ ಹ್ವಾ ಒಳಗೆ, ಬಿನ್ ತುವಾನ್ ಲಾಮ್ ಡಾಂಗ್ ಒಳಗೆ ಸೇರಿದೆ, ನಾನು ಹಳೇ ಹೆಸರೇ ಬಳಸ್ತೀನಿ.) ಇನ್ನೊಂದು ಗುಂಪು ಮೆಕಾಂಗ್ ನದಿ ಮುಖಜ ಭೂಮಿಯ ಆನ್ ಜಿಯಾಂಗ್ ಕಡೆ. ಆದ್ರೆ ಚಾಮ್ ಜನ ಅತಿ ಹೆಚ್ಚು ಇರೋದು ವಿಯೆಟ್ನಾಂನಲ್ಲಿ ಅಲ್ಲ, ಕಾಂಬೋಡಿಯಾದಲ್ಲಿ. ಅಲ್ಲಿನ ಜನಸಂಖ್ಯೆಯಲ್ಲಿ ಸುಮಾರು 2 ಪರ್ಸೆಂಟ್ ಮುಸ್ಲಿಮರು, ಅವರಲ್ಲಿ ಬಹುಪಾಲು ಚಾಮ್.

ಚಂಪಾ ಯಾವಾಗ ಮುಗೀತು?

ಒಂದೇ ದಿನ ಮುಗಿದಿಲ್ಲ, ಅದೇ ಮುಖ್ಯ ವಿಷಯ. ಉತ್ತರದಿಂದ ವಿಯೆಟ್ (ಇವತ್ತಿನ ವಿಯೆಟ್ನಾಂನ ಬಹುಸಂಖ್ಯಾತ ಜನ) ರಾಜರು ಸ್ವಲ್ಪ ಸ್ವಲ್ಪವಾಗಿ ತಿಂತಾ ಬಂದ್ರು. 1306ರಲ್ಲಿ ಜಯ ಸಿಂಹವರ್ಮನ್ III ವಿಯೆಟ್ ರಾಜಕುಮಾರಿ ಹುಯೆನ್ ಚಾನ್‌ನ ಮದುವೆ ಆಗೋಕೆ ಎರಡು ಪ್ರಾಂತ್ಯಾನೇ ಬಿಟ್ಕೊಟ್ಟ, ಆಮೇಲೆ ಒಂದೇ ವರ್ಷಕ್ಕೆ ತೀರ್ಕೊಂಡ. 1471ರಲ್ಲಿ ಲೆ ತಾನ್ ಟೋಂಗ್ ಬಂದು ವಿಜಯ ಪಟ್ಟಣ ಹಾಳು ಮಾಡಿದ, ಅದು ದೊಡ್ಡ ಏಟು, ಆಗ್ಲೇ ಎಷ್ಟೋ ಜನ ಕಾಂಬೋಡಿಯಾ ಕಡೆ ಓಡಿದ್ರು. ಕೊನೆಗೆ ಉಳಿದಿದ್ದ ಪಾಂಡುರಂಗವನ್ನ 1832ರಲ್ಲಿ ಮಿನ್ ಮಾಂಗ್ ಚಕ್ರವರ್ತಿ ಪೂರ್ತಿ ನುಂಗಿದ. ಸುಮ್ನೆ ನುಂಗಿಲ್ಲ. ಚಾಮ್ ಬರಹಗಳ ಪ್ರಕಾರ ಹಸು ಮಾಂಸ ತಿನ್ನದೋರಿಗೆ ಹಸು ಮಾಂಸ, ಹಂದಿ ತಿನ್ನದೋರಿಗೆ ಹಂದಿ ಮಾಂಸ ಬಲವಂತವಾಗಿ ತಿನ್ಸಿದ್ರಂತೆ, ಪೂಜೆ ನಿಲ್ಸಿದ್ರಂತೆ. ಅದಕ್ಕೆ 1833ರಲ್ಲಿ ಕಾಟಿಪ್ ಸುಮಾತ್, 1834ರಲ್ಲಿ ಜಾ ಥಾಕ್ ವಾ ದಂಗೆ ಎದ್ರು. ಎರಡನ್ನೂ ರಕ್ತ ಹರಿಸಿ ಅಡಗಿಸಿದ್ರು.

ಅಂದ್ರೆ ಸುಮಾರು 190 ವರ್ಷದಿಂದ ಇವರಿಗೆ ರಾಜ ಇಲ್ಲ, ರಾಜ್ಯ ಇಲ್ಲ, ಸೈನ್ಯ ಇಲ್ಲ. ಆದ್ರೂ ಆ ರಾಜರ ಬಟ್ಟೆಗಳಿಗೆ ಇವತ್ತೂ ವರ್ಷಕ್ಕೊಂದ್ಸಲ ಮೆರವಣಿಗೆ ಆಗುತ್ತೆ, ಆ ಕತೆ ಮುಂದೆ ಬರುತ್ತೆ.

ವಾಟ್ಸಾಪ್‌ನಲ್ಲಿ "ವಿಯೆಟ್ನಾಂನ ಮರೆತುಹೋದ ಹಿಂದೂಗಳು" ಅಂತ ಫಾರ್ವರ್ಡ್ ಬರುತ್ತಲ್ಲ, ಅದು ನಿಜಾನಾ?

ಅರ್ಧ ನಿಜ, ಅರ್ಧ ನಮಗೆ ಬೇಕಾದ ಹಾಗೆ ತಿರುಚಿದ್ದು. ಶಿವನ ಪೂಜೆ ಇತ್ತು, ಸಂಸ್ಕೃತ ಶಾಸನಗಳಿವೆ, ರಾಜರ ಹೆಸರೆಲ್ಲ ಭದ್ರವರ್ಮನ್, ಹರಿವರ್ಮನ್ ಅಂತ ಇದ್ವು, ಮೀ ಸೋನ್‌ನಲ್ಲಿ ನಾಲ್ಕನೇ ಶತಮಾನದಲ್ಲೇ ಭದ್ರೇಶ್ವರ ಅನ್ನೋ ಲಿಂಗ ಸ್ಥಾಪನೆ ಆಗಿತ್ತು, ಇವೆಲ್ಲ ಸರಿ. ಆದ್ರೆ ಇವರು ಭಾರತದಿಂದ ಹೋದೋರಲ್ಲ. ಅಲ್ಲಿನ ಜನಾನೇ, ನಮ್ಮ ಕಡೆಯ ದೇವರು, ಅಕ್ಷರ, ಪಂಚಾಂಗ ತಗೊಂಡು ತಮ್ಮದಾಗಿ ಮಾಡ್ಕೊಂಡ್ರು.

ಇನ್ನೊಂದು, ಚಾಮ್ ಜನರಲ್ಲಿ ಈಗ ಹೆಚ್ಚಿನೋರು ಮುಸ್ಲಿಮರು ಅಥವಾ ಇಸ್ಲಾಮಿನ ಪ್ರಭಾವ ಇರೋ ಬಾನಿಗಳು. ಶಿವಲಿಂಗಕ್ಕೆ ಪೂಜೆ ಮಾಡೋರನ್ನ ಅಲ್ಲಿ ಬಾಲಮೋನ್ ಅಥವಾ ಅಹಿಯರ್ ಅಂತಾರೆ, ಅವರು ಹತ್ತಾರು ಸಾವಿರ ಇದ್ದಾರೆ ಅಷ್ಟೇ. ಅವರ ಪೂಜೆಯನ್ನ ನೋಡಿದ್ರೂ ನಮಗೆ ಪೂರ್ತಿ ಪರಿಚಯದ್ದು ಅನ್ಸಲ್ಲ, ಯಾಕಂದ್ರೆ ಲಿಂಗದ ಮೇಲಿರೋ ಮುಖ ಅವರಿಗೆ ಅವರ ಹಳೇ ರಾಜ ಪೋ ಕ್ಲೋಂಗ್ ಗರಾಯ್‌ದು. ದೇವರು, ರಾಜ, ಹಿರೀಕ ಮೂರೂ ಒಂದೇ ಆಗಿದ್ದಾನೆ. ಮೇಕೆ, ಕೋಳಿ ಎಡೆ ಇಡ್ತಾರೆ. ಹಂಗಾಗಿ "ನಮ್ಮೋರು" ಅಂತ ಎದೆ ತಟ್ಕೊಳೋಕೆ ಮುಂಚೆ ಅವರು ತಮ್ಮನ್ನ ಏನಂತ ಕರ್ಕೋತಾರೆ ಅಂತ ಕೇಳೋದು ಒಳ್ಳೇದು. ಅವರು ಮೊದಲು ಚಾಮ್, ಉಳಿದಿದ್ದೆಲ್ಲ ಆಮೇಲೆ.

ಅಹಿಯರ್, ಅವಾಲ್ ಅಂದ್ರೇನು? ಒಂದೇ ಜನ, ಎರಡು ಧರ್ಮ, ಜಗಳ ಆಗಲ್ವಾ?

ಇದೇ ನನ್ನ ಪ್ರಕಾರ ಇಡೀ ಕತೆಯ ಗುಟ್ಟು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಪಾಂಡುರಂಗ ಸೀಮೆಯ ಚಾಮ್ ಜನ ಎರಡು ಪಾಲು. ಅಹಿಯರ್ ಕಡೆಯೋರದ್ದು ದೇವಸ್ಥಾನ, ಅವರ ಪುರೋಹಿತರು ಬಸೈಹ್, ತಲೆಗೂದಲು ಬಿಟ್ಟು ಗಂಟು ಹಾಕ್ಕೊಂಡಿರ್ತಾರೆ, ಸತ್ತರೆ ಸುಡ್ತಾರೆ, ಹಸು ಮಾಂಸ ಮುಟ್ಟಲ್ಲ. ಅವಾಲ್ ಕಡೆಯೋರು, ಅಂದ್ರೆ ಬಾನಿಗಳು, ಅವರದ್ದು ಮಸೀದಿ (ಸಾಂಗ್ ಮಗಿಕ್ ಅಂತಾರೆ), ಪುರೋಹಿತರು ಅಚಾರ್, ತಲೆ ಬೋಳಿಸಿರ್ತಾರೆ, ಸತ್ತರೆ ಹೂಳ್ತಾರೆ, ಹಂದಿ ಮುಟ್ಟಲ್ಲ. ಇಷ್ಟು ಕೇಳಿದ್ರೆ ಎರಡು ಬೇರೆ ಲೋಕ ಅನ್ಸುತ್ತೆ ಅಲ್ವಾ. ಆದ್ರೆ ಬಾನಿಗಳು ಅಲ್ಲಾಹ್‌ನ ಪೋ ಔಲೊವಾಹ್ ಅಂತ ಕರೆದು, ಅದರ ಜೊತೆಗೇ ಹಳೇ ರಾಜರನ್ನ, ಕುಲದ ಹಿರೀಕರನ್ನ, ಊರಿನ ದೈವಗಳನ್ನ ಪೂಜಿಸ್ತಾರೆ. ಐದು ಹೊತ್ತು ನಮಾಜ್ ಸಾಮಾನ್ಯ ಜನ ಮಾಡಲ್ಲ. ರಮವಾನ್ (ರಂಜಾನ್) ತಿಂಗಳು ಬಂದ್ರೆ ಅಚಾರ್‌ಗಳು ಮನೆ ಬಿಟ್ಟು ಮಸೀದೀಲೇ ಇದ್ದು ಇಡೀ ಊರಿನ ಪರವಾಗಿ ಉಪವಾಸ ಮಾಡ್ತಾರೆ, ಮನೆ ಹೆಂಗಸರು ತಲೆ ಮೇಲೆ ತಟ್ಟೆ ಹೊತ್ಕೊಂಡು ಊಟ ತಂದು ಕೊಡ್ತಾರೆ. ರಮವಾನ್ ಶುರು ಆಗೋಕೆ ಮುಂಚೆ ಎಲ್ರೂ ಬಿಳಿ ಬಟ್ಟೆ ಹಾಕ್ಕೊಂಡು ಮರಳಿನಲ್ಲಿರೋ ತಮ್ಮ ಕುಲದ ಸಮಾಧಿಗಳಿಗೆ ಹೋಗ್ತಾರೆ, ಅಲ್ಲಿ ಹೆಸರು ಬರೆದ ಗೋರಿ ಇಲ್ಲ, ಸಾಲು ಸಾಲು ಸಣ್ಣ ಕಲ್ಲು ಅಷ್ಟೇ, ಯಾರ ಕಲ್ಲು ಎಲ್ಲಿದೆ ಅಂತ ಮನೆಯೋರಿಗೆ ಗೊತ್ತಿರುತ್ತೆ.

ಈಗ ಜಗಳದ ವಿಷಯ. ಹಿಂದೆ ಆಗ್ತಿತ್ತು ಅಂತ ಅವರ ಕತೆಗಳೇ ಹೇಳ್ತವೆ. 17ನೇ ಶತಮಾನದ ಪೋ ರೋಮೆ ಅನ್ನೋ ರಾಜ (1627ರಿಂದ 1651) ಎರಡೂ ಕಡೆಯೋರನ್ನ ಕೂರಿಸಿ ರಾಜಿ ಮಾಡ್ಸಿ, ಒಬ್ಬರು ಇನ್ನೊಬ್ಬರಿಲ್ಲದೆ ಪೂರ್ತಿ ಅಲ್ಲ ಅನ್ನೋ ಏರ್ಪಾಡು ಮಾಡಿದ ಅಂತ ನಂಬಿಕೆ. ಅವನು ಮಾಡಿದ್ನೋ, ಜನ ತಾವೇ ಮಾಡ್ಕೊಂಡು ಅವನ ಹೆಸರು ಹಾಕಿದ್ರೋ, ಏರ್ಪಾಡಂತೂ ಗಟ್ಟಿಯಾಗಿದೆ. ಅಹಿಯರ್ ಗಂಡು, ಅವಾಲ್ ಹೆಣ್ಣು, ಜೋಡಿ ಇದ್ದಂಗೆ ಅಂತ ಲೆಕ್ಕ. ಹೊಸ ವರ್ಷದ ರಿಜಾ ನಗರ್ ಹಬ್ಬ (ಏಪ್ರಿಲ್ ಸುಮಾರಿಗೆ) ಇಬ್ಬರದ್ದೂ, ಅದರಲ್ಲಿ ಓಂಗ್ ಕಾ ಇಂಗ್ ಅನ್ನೋ ಕುಣಿತದೋನು ಬೆಂಕಿ ತುಳಿದು ಆರಿಸ್ತಾನೆ, ಊರಿನ ಕೇಡೆಲ್ಲ ಹೋಯ್ತು ಅಂತ. ಒಟ್ಟಿಗೆ ಸೇರೋ ಕಾರ್ಯಗಳಲ್ಲಿ ಹಂದಿನೂ ಇಲ್ಲ, ಹಸುನೂ ಇಲ್ಲ. ಪಂಚಾಂಗ ಕೂಡ ಎರಡು, ಅಹಿಯರ್‌ದು ಸೂರ್ಯ ಚಂದ್ರ ಎರಡನ್ನೂ ಹೊಂದಿಸಿದ್ದು, ಅವಾಲ್‌ದು ಬರೀ ಚಂದ್ರಂದು, ಅವೆರಡನ್ನ ತಾಳೆ ಹಾಕೋಕೆ ಎರಡೂ ಕಡೆಯ ಪುರೋಹಿತರು ಮಾತಾಡ್ಲೇಬೇಕು. ಅಂದ್ರೆ ಹಬ್ಬದ ದಿನ ಗೊತ್ತು ಮಾಡ್ಬೇಕಾದ್ರೂ ಪಕ್ಕದೋನ ಮುಖ ನೋಡ್ಲೇಬೇಕು, ಬೇಕಂತಲೇ ಹಂಗೆ ಇಟ್ಟಿದ್ದಾರೇನೋ ಅನ್ಸುತ್ತೆ ನನಗೆ.

ಎಲ್ಲ ಸುಂದರ ಅಂತ ಅಲ್ಲ. ಅಹಿಯರ್ ಮತ್ತು ಅವಾಲ್ ಮಧ್ಯೆ ಮದುವೆ ಸಂಪ್ರದಾಯದಲ್ಲಿ ಒಪ್ಪಿಗೆ ಇರ್ಲಿಲ್ಲ, ಪ್ರೀತಿಸಿ ಕಷ್ಟ ಪಟ್ಟ ಹುಡುಗ ಹುಡುಗಿಯರ ಕತೆ ಅವರ ಹಳೇ ಕಾವ್ಯಗಳಲ್ಲೂ ಇದೆ.

ಹೆಂಗಸರ ಕಡೆಯಿಂದ ವಂಶ ಅಂತಾರಲ್ಲ, ಅದು ಈಗ್ಲೂ ನಡೀತಿದ್ಯಾ?

ನಡೀತಿದೆ, ಪಾಂಡುರಂಗದ ಚಾಮ್ ಜನರಲ್ಲಿ. ತುಳುನಾಡಿನ ಅಳಿಯಸಂತಾನ ಗೊತ್ತಿರೋರಿಗೆ ಬೇಗ ಅರ್ಥ ಆಗುತ್ತೆ, ಒಂದೇ ವ್ಯತ್ಯಾಸ ಏನಂದ್ರೆ ಅಲ್ಲಿ ಯಜಮಾನಿಕೆ ಮಾವನಿಂದ ಅಳಿಯನಿಗೆ, ಇಲ್ಲಿ ಮನೆ ತಾಯಿಂದ ಕೊನೇ ಮಗಳಿಗೆ. ಹುಡುಗಿ ಮನೆಯೋರು ಹುಡುಗನ್ನ ಕೇಳ್ಕೊಂಡು ಹೋಗ್ತಾರೆ, ಮದುವೆ ಆದ್ಮೇಲೆ ಗಂಡ ಹೆಂಡತಿ ಮನೇಲಿ ಇರ್ತಾನೆ. ಕೊನೇ ಮಗಳಿಗೆ ಮನೆ ಸಿಗುತ್ತೆ, ಅದರ ಜೊತೆ ಅಪ್ಪ ಅಮ್ಮನ್ನ ನೋಡ್ಕೊಳೋದು, ಹಿರೀಕರ ಪೂಜೆ, ಎಲ್ಲ ಭಾರಾನೂ.

ಆದ್ರೆ ನಿಜವಾಗಿ ಜನರನ್ನ ಹಿಡಿದಿಟ್ಟಿರೋದು ಬದುಕಿರೋವಾಗಿನ ಮನೆ ಅಲ್ಲ, ಸತ್ತಮೇಲಿನ ಜಾಗ. ಅಹಿಯರ್ ಕಡೆಯೋರು ಸುಟ್ಟಮೇಲೆ ಹಣೆ ಮೂಳೆಯಿಂದ ಒಂಬತ್ತು ಚೂರು ತೆಗೆದು ಒಂದು ಸಣ್ಣ ಡಬ್ಬೀಲಿ ಇಡ್ತಾರೆ, ಅದನ್ನ ಕ್ಲೋಂಗ್ ಅಂತಾರೆ. ಕುಲದಲ್ಲಿ ಸಾಕಷ್ಟು ಡಬ್ಬಿ ಸೇರಿದಾಗ ದೊಡ್ಡ ಕಾರ್ಯ ಮಾಡಿ, ತಾಯಿ ಕುಲದ ಕುಟ್ ಅನ್ನೋ ಕಲ್ಲುಗಳ ಜಾಗದಲ್ಲಿ ಹೂಳ್ತಾರೆ. ಗಂಡ ಎಷ್ಟೇ ವರ್ಷ ಹೆಂಡತಿ ಮನೇಲಿದ್ರೂ ಅವನ ಮೂಳೆ ಅವನ ಅಮ್ಮನ ಕುಟ್‌ಗೇ ವಾಪಸ್ ಹೋಗುತ್ತೆ. ಸಾಯ್ಗಾನ್‌ನಲ್ಲಿ ಕೆಲಸ ಮಾಡೋ ಹುಡುಗ, ಚಾಮ್ ಭಾಷೆ ಅರ್ಧಂಬರ್ಧ ಬರೋನು, ಅವನೂ ಊರಿನ ಸಂಬಂಧ ಪೂರ್ತಿ ಕಡ್ಕೊಳಲ್ಲ, ಯಾಕಂದ್ರೆ ಕುಲದ ಕೆಲಸಗಳಿಗೆ ಬರದೇ ಇದ್ರೆ ಕೊನೆಗೆ ಸೇರೋ ಜಾಗ ಇಲ್ಲ.

ಇದಕ್ಕೂ ಒಂದು ಕಠಿಣ ಮುಖ ಇದೆ. ಚಾಮ್ ಗಂಡಸು ವಿಯೆಟ್ ಹೆಂಗಸನ್ನ ಮದುವೆ ಆದ್ರೆ ಮಕ್ಕಳಿಗೆ ತಾಯಿ ಕುಲಾನೇ ಇರಲ್ಲ, ಕುಟ್ ಇರಲ್ಲ. ಹೊರಗಿನೋರು ಜಾಸ್ತಿ ಇರೋ ಕಡೆ ಸಣ್ಣ ಸಮುದಾಯ ತನ್ನ ಗಡಿ ಹಿಂಗೆ ಕಾಯುತ್ತೆ, ಅರ್ಥ ಆಗುತ್ತೆ, ಆದ್ರೆ ಆ ಮಕ್ಕಳ ಪಾಡು ಯೋಚನೆ ಮಾಡಿದ್ರೆ ಬೇಜಾರಾಗುತ್ತೆ.

ಕಾತೆ ಹಬ್ಬ ಅಂದ್ರೇನು? ರಾಗ್ಲಾಯ್ ಜನರಿಗೂ ಅದಕ್ಕೂ ಏನು ಸಂಬಂಧ?

ಚಾಮ್ ಪಂಚಾಂಗದ ಏಳನೇ ತಿಂಗಳ ಮೊದಲ ದಿನ, ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆ ಇಲ್ಲಾ ಅಕ್ಟೋಬರ್. ನಿನ್ ತುವಾನ್‌ನಲ್ಲಿ ಮೂರು ಕಡೆ ಮುಖ್ಯ: ಪೋ ಕ್ಲೋಂಗ್ ಗರಾಯ್ ಗುಡಿ, ಪೋ ರೋಮೆ ಗುಡಿ, ಆಮೇಲೆ ಹಮು ತನ್ರಾನ್ ಊರಿನ ಪೋ ಇನು ನಗರ್ ತಾಯಿ ಗುಡಿ. ಗುಡೀಲಿ ಮುಗಿದ್ಮೇಲೆ ಊರಲ್ಲಿ, ಊರಲ್ಲಿ ಮುಗಿದ್ಮೇಲೆ ಮನೆ ಮನೇಲಿ.

ಹಿಂದಿನ ದಿನಾನೇ ಬೆಟ್ಟದಿಂದ ರಾಗ್ಲಾಯ್ ಜನ ರಾಜರ ಬಟ್ಟೆ ಹೊತ್ಕೊಂಡು ಇಳಿದು ಬರ್ತಾರೆ. ರಾಜ್ಯ ಹೋಗೋ ಕಾಲಕ್ಕೆ ಬೆಲೆ ಬಾಳೋದನ್ನೆಲ್ಲ ಬೆಟ್ಟದೋರ ಹತ್ರ ಇಟ್ಟಿದ್ರು, ಅವರು ಇವತ್ತಿನವರೆಗೂ ಕಾಯ್ತಿದ್ದಾರೆ. ಚಾಮ್ ಅಕ್ಕ, ರಾಗ್ಲಾಯ್ ತಂಗಿ ಅಂತ ಅವರಲ್ಲಿ ಒಂದು ಮಾತಿದೆ. ಈಗ ಮೇಲಿನ ಉತ್ತರ ನೆನಪು ಮಾಡ್ಕೊಳಿ, ಮನೆ ಒಡವೆ ವಸ್ತು ಎಲ್ಲ ಉಳಿಯೋದು ಯಾರ ಹತ್ರ? ಕೊನೇ ತಂಗಿ ಹತ್ರ. ಹಂಗಾಗಿ ರಾಜನ ಬಟ್ಟೆ ರಾಗ್ಲಾಯ್ ಮನೇಲಿರೋದು ಅವರಿಗೆ ವಿಚಿತ್ರ ಅಲ್ವೇ ಅಲ್ಲ, ನ್ಯಾಯವಾಗಿ ಎಲ್ಲಿರ್ಬೇಕೋ ಅಲ್ಲೇ ಇದೆ.

ಬೆಳಗ್ಗೆ ಗುಡಿ ಬಾಗಿಲು ತೆಗೆಯೋ ಪೂಜೆ, ಮೂರ್ತಿಗೆ ಸ್ನಾನ, ಆಮೇಲೆ ಆ ಬಟ್ಟೆ ಉಡ್ಸೋದು, ಆಮೇಲೆ ದೊಡ್ಡ ಎಡೆ. ಕಾಧಾರ್ ಅನ್ನೋರು ಆಮೆ ಚಿಪ್ಪಿನ ಕಾನ್ಹಿ ಅನ್ನೋ ಎರಡು ತಂತಿ ವಾದ್ಯ ನುಡಿಸ್ಕೊಂಡು ರಾಜರ, ದೇವಿಯರ ಸ್ತುತಿ ಹಾಡ್ತಾರೆ, ಮುಕ್ ಪಜಾವ್ ಅನ್ನೋ ಪೂಜಾರಿಣಿ ಎಡೆ ಅರ್ಪಿಸ್ತಾಳೆ. ಹೊರಗೆ ಗಿನಂಗ್ ಡೋಲು, ಬರನಂಗ್ ಅನ್ನೋ ಒಂದೇ ಮುಖದ ಚರ್ಮವಾದ್ಯ, ಸರನಾಯ್ ಊದೋದು. ಗರ್ಭಗುಡಿ ತುಂಬ ಚಿಕ್ಕದು, ಒಳಗೆ ನಾಲ್ಕೈದು ಜನ ಅಷ್ಟೇ ಹಿಡಿಸೋದು, ಹೊರಗೆ ಸಾವಿರಾರು ಜನ. 2017ರಲ್ಲಿ ನಿನ್ ತುವಾನ್‌ನ ಕಾತೆ ಹಬ್ಬಕ್ಕೆ ವಿಯೆಟ್ನಾಂ ಸರ್ಕಾರ ರಾಷ್ಟ್ರೀಯ ಪರಂಪರೆ ಅಂತ ಮಾನ್ಯತೆ ಕೊಡ್ತು.

ಮೀ ಸೋನ್‌ನಲ್ಲಿ ಈಗ್ಲೂ ಪೂಜೆ ಆಗುತ್ತಾ?

ಊರಿನ ದೇವಸ್ಥಾನದ ಥರ ಇಲ್ಲ. ಆ ಕಡೆ ಚಾಮ್ ಊರುಗಳೇ ಉಳಿದಿಲ್ಲ. ಅದು 1999ರಿಂದ ಯುನೆಸ್ಕೋ ವಿಶ್ವ ಪರಂಪರೆ ತಾಣ, ಟಿಕೆಟ್ ತಗೊಂಡು ನೋಡೋ ಜಾಗ. ಅಲ್ಲಿನ ಅತಿ ದೊಡ್ಡ ಗೋಪುರ 1969ರಲ್ಲಿ ಅಮೆರಿಕದ ಬಾಂಬ್‌ಗೆ ಹೋಯ್ತು. ನಮ್ಮ ಪುರಾತತ್ವ ಇಲಾಖೆ 2017ರಿಂದ 2022ರವರೆಗೆ ಅಲ್ಲಿ ಕೆಲವು ಗುಂಪಿನ ಗುಡಿಗಳ ಜೀರ್ಣೋದ್ಧಾರ ಮಾಡ್ತು, 2020ರಲ್ಲಿ ಆ ಕೆಲಸದಲ್ಲೇ ಒಂಬತ್ತನೇ ಶತಮಾನದ ಏಕಶಿಲಾ ಶಿವಲಿಂಗ ಸಿಕ್ಕಿದ್ದು, ಆ ಫೋಟೋ ನೀವೆಲ್ಲ ನೋಡಿರ್ತೀರ. ಜೀವ ಇರೋ ಗುಡಿ ನೋಡ್ಬೇಕಂದ್ರೆ ನಿನ್ ತುವಾನ್‌ನ ಫಾನ್ ರಾಂಗ್ ಪಟ್ಟಣದ ಕಡೆಗೇ ಬರ್ಬೇಕು.

ಮಧ್ಯದಲ್ಲಿ ನ್ಯಾ ಟ್ರಾಂಗ್ ಪಟ್ಟಣದ ಪೋ ನಗರ್ ದೇವಿ ಗುಡಿ ಇದೆ. 774ರಲ್ಲಿ ಸಮುದ್ರದ ದಾಳಿಕೋರರು ಅಲ್ಲಿನ ಹಳೇ ಗುಡಿ ಸುಟ್ರು, 784ರಲ್ಲಿ ಸತ್ಯವರ್ಮನ್ ಮತ್ತೆ ಕಟ್ಟಿಸಿದ ಅಂತ ಶಾಸನ ಇದೆ. ಅಲ್ಲಿನ ತಾಯಿಯನ್ನ ಈಗ ವಿಯೆಟ್ ಜನ ಥಿಯೆನ್ ಯಿ ಆ ನಾ ಅಂತ ಕರೆದು ತಮ್ಮ ದೇವಿಯಾಗಿ ಪೂಜಿಸ್ತಾರೆ. ಇದನ್ನ ಕಿತ್ಕೊಂಡಿದ್ದು ಅನ್ನೋರೂ ಇದ್ದಾರೆ, ಗೆದ್ದೋರನ್ನೇ ಭಕ್ತರನ್ನಾಗಿ ಮಾಡ್ಕೊಂಡ ದೇವಿ ಅನ್ನೋರೂ ಇದ್ದಾರೆ. ನನಗೆ ಎರಡೂ ಸರಿ ಅನ್ಸುತ್ತೆ.

ಕಾಂಬೋಡಿಯಾದ ಚಾಮ್ ಜನ ಹೆಂಗೆ? ಅವರೂ ಇದೇ ಥರಾನಾ?

ಇಲ್ಲ, ಅವರದ್ದು ಬೇರೆಯದೇ ದಾರಿ. 1471ರ ನಂತರ ಮತ್ತೆ ಮುಂದಿನ ಶತಮಾನಗಳಲ್ಲಿ ಅಲೆ ಅಲೆಯಾಗಿ ಹೋದೋರು ಮೆಕಾಂಗ್, ಟೋನ್ಲೆ ಸಾಪ್ ನದಿ ದಡಗಳಲ್ಲಿ ನೆಲೆ ನಿಂತ್ರು, ಮೀನು ಹಿಡಿಯೋದು, ದನದ ವ್ಯಾಪಾರ, ನೇಯ್ಗೆ. ಅಲ್ಲಿ ಮಲಯ್ ವ್ಯಾಪಾರಿಗಳ, ಗುರುಗಳ ಸಂಪರ್ಕದಿಂದ ಸುನ್ನಿ ಇಸ್ಲಾಂ ಗಟ್ಟಿಯಾಯ್ತು, ಅರಬಿ ಅಕ್ಷರದಲ್ಲಿ ಬರೆಯೋದು ಬಂತು. ಬೌದ್ಧರ ದೇಶದಲ್ಲಿ ತಾವು ಬೇರೆ ಅಂತ ತೋರ್ಸೋಕೆ ಅವರಿಗೆ ಮಸೀದೀನೇ ಬೇಲಿ ಆಯ್ತು. 1642ರಲ್ಲಿ ಪಟ್ಟಕ್ಕೆ ಬಂದ ಒಬ್ಬ ಖ್ಮೇರ್ (ಕಾಂಬೋಡಿಯಾದ ಬಹುಸಂಖ್ಯಾತ ಜನ) ರಾಜಾನೇ ಆಮೇಲೆ ಇಸ್ಲಾಂ ತಗೊಂಡಿದ್ದ ಅಂದ್ರೆ ಆ ಕಾಲದಲ್ಲಿ ಮಲಯ್ ಮತ್ತೆ ಚಾಮ್ ಜನರ ಬಲ ಎಷ್ಟಿತ್ತು ಅಂತ ಲೆಕ್ಕ ಹಾಕಿ.

ಆಮೇಲೆ ಬಂದಿದ್ದು ಖ್ಮೇರ್ ರೂಜ್ (ಪೋಲ್ ಪಾಟ್‌ನ ಕಮ್ಯುನಿಸ್ಟ್ ಆಡಳಿತ) ಕಾಲ, 1975ರಿಂದ 1979. ಚಾಮ್ ಭಾಷೆ ಮಾತಾಡೋ ಹಂಗಿಲ್ಲ, ಕುರಾನ್ ಪ್ರತಿಗಳನ್ನ ಕಿತ್ಕೊಂಡು ಸುಟ್ಟರು, ಹೆಂಗಸರ ಕೂದಲು ಕತ್ತರಿಸಿದ್ರು, ಹಂದಿ ಮಾಂಸ ತಿನ್ಸಿದ್ರು, ಊರುಗಳನ್ನ ಒಡೆದು ಒಂದೊಂದು ಕುಟುಂಬವನ್ನ ಒಂದೊಂದು ಕಡೆ ಎಸೆದ್ರು. 1975ರಲ್ಲೇ ಕೊಹ್ ಫಾಲ್, ಸ್ವಾಯ್ ಖ್ಲಿಯಾಂಗ್ ಅನ್ನೋ ಎರಡು ಊರಿನೋರು ಕತ್ತಿ, ಮಚ್ಚು ಹಿಡ್ಕೊಂಡು ಬಂದೂಕಿನ ಮುಂದೆ ನಿಂತ್ರು. ಉಳಿದೋರು ಬಹಳ ಕಮ್ಮಿ. ಇಡೀ ದೇಶದ ಚಾಮ್ ಜನರಲ್ಲಿ ಮೂರರಲ್ಲಿ ಒಬ್ಬರಾದ್ರೂ ಆ ನಾಲ್ಕು ವರ್ಷದಲ್ಲಿ ಸತ್ತಿರ್ಬೇಕು ಅನ್ನೋದು ಬಹಳ ಸಂಶೋಧಕರ ಅಂದಾಜು. ಓದೋಕೆ ಬರೆಯೋಕೆ ಬರ್ತಿದ್ದ ಧರ್ಮಗುರುಗಳನ್ನ ಹುಡುಕಿ ಹುಡುಕಿ ಕೊಂದಿದ್ರು. 2018ರ ನವೆಂಬರ್ 16ಕ್ಕೆ ಅಂತರರಾಷ್ಟ್ರೀಯ ನೆರವಿನ ವಿಶೇಷ ನ್ಯಾಯಾಲಯ ಖ್ಮೇರ್ ರೂಜ್‌ನ ಎರಡನೇ ನಂಬರ್ ನಾಯಕ ನುವಾನ್ ಚಿಯಾ ಮೇಲೆ ಚಾಮ್ ಜನರ ನರಮೇಧದ ಅಪರಾಧ ಸಾಬೀತು ಅಂತ ತೀರ್ಪು ಕೊಡ್ತು. ಮುಂದಿನ ವರ್ಷ ಅವನು ಸತ್ತ.

1979ರ ನಂತರ ಏನೂ ಇಲ್ಲದ ಕಡೆಯಿಂದ ಶುರು ಮಾಡ್ಬೇಕಿತ್ತು. ಸಹಾಯ ಬಂದಿದ್ದು ಮಲೇಷ್ಯಾ, ಗಲ್ಫ್ ದೇಶಗಳಿಂದ, ತಬ್ಲೀಗ್ ಜಮಾತ್‌ನೋರೂ ಬಂದ್ರು. ಮಸೀದಿಗಳು ಎದ್ವು, 2015ರಲ್ಲಿ ಎಮಿರೇಟ್ಸ್ ದುಡ್ಡಿನಲ್ಲಿ ಕಟ್ಟಿದ ಅಲ್ ಸೆರ್ಕಾಲ್ ಮಸೀದಿ ನೋಮ್ ಪೆನ್‌ನಲ್ಲಿ ಉದ್ಘಾಟನೆ ಆಯ್ತು. ಸಮುದಾಯ ಮತ್ತೆ ನಿಂತ್ಕೊಳ್ತು, ಅದರ ಜೊತೆ ಹಿರೀಕರ ಪೂಜೆ, ಮೈ ಮೇಲೆ ಬರೋದು, ಹಳೇ ಅಕ್ಷರ ಇವೆಲ್ಲ ತಪ್ಪು ಅನ್ನೋ ಮಾತೂ ಜೋರಾಯ್ತು. ಜನ ಉಳಿದ್ರು, ಅವರ ಹಳೇ ಪದ್ಧತಿ ಕೆಲವು ಹೋದ್ವು. ಹೊರಗಡೆ ಕೂತು ಅಯ್ಯೋ ಅನ್ನೋದು ಸುಲಭ, ಆ ನಾಲ್ಕು ವರ್ಷ ಕಂಡೋರಿಗೆ ಮಕ್ಕಳಿಗೆ ಮದರಸಾ ಕಟ್ಟಿಕೊಟ್ಟೋರ ಮೇಲೆ ಅಭಿಮಾನ ಇರೋದು ಸಹಜ.

ಇಮಾಮ್ ಸಾನ್ ಗುಂಪು ಅಂತ ಓದಿದ್ದೆ, ಅವರ್ಯಾರು?

ಕಾಂಬೋಡಿಯಾದಲ್ಲೇ ಇರೋ ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರು. ಮುಖ್ಯ ಕೇಂದ್ರ ಹಳೇ ರಾಜಧಾನಿ ಉಡೊಂಗ್ ಹತ್ರ. ಇವರು ವಾರಕ್ಕೊಂದ್ಸಲ, ಶುಕ್ರವಾರ ಮಾತ್ರ ನಮಾಜ್ ಮಾಡ್ತಾರೆ, ಹಳೇ ಚಾಮ್ ಅಕ್ಷರದ ಕೈಬರಹ ಪುಸ್ತಕಗಳನ್ನ ಇಟ್ಕೊಂಡಿದ್ದಾರೆ, ಚಾಯ್ ಅನ್ನೋ ಆರಾಧನೆಯಲ್ಲಿ ಚಂಪಾ ಕಾಲದ ಆತ್ಮಗಳು ಮೈ ಮೇಲೆ ಬರ್ತವೆ. ವರ್ಷಕ್ಕೊಂದ್ಸಲ ಉಡೊಂಗ್ ಬೆಟ್ಟ ಹತ್ತಿ ತಮ್ಮ ಗುರು ಇಮಾಮ್ ಸಾನ್ ಹೆಸರಲ್ಲಿ ಮೌಲೂದ್ (ಜನ್ಮದಿನದ ಹಬ್ಬ) ಮಾಡ್ತಾರೆ, ಊಟ, ಅಲಂಕಾರದ ತಟ್ಟೆಗಳನ್ನ ಹೊತ್ಕೊಂಡು. ಹೊರಗಿನ ದುಡ್ಡು ಬೇಕಾದ್ರೆ ಪದ್ಧತಿ ಬದಲಾಯಿಸ್ಕೊಳಿ ಅನ್ನೋ ಒತ್ತಡ ಇದ್ರೂ ಬೇಡ ಅಂದೋರು ಇವರು. ಬಡತನ ಜಾಸ್ತಿ, ಅದಕ್ಕೆ ಕೆಲವು ಊರುಗಳು ಆ ಕಡೆ ವಾಲಿವೆ ಕೂಡ.

ಭಾಷೆ, ಲಿಪಿ ಎಷ್ಟು ಉಳಿದಿದೆ?

ಕ್ವಾಂಗ್ ನಾಮ್‌ನ ಟ್ರಾ ಕಿಯು ಹತ್ರ ಸಿಕ್ಕಿರೋ ಡೋಂಗ್ ಯೆನ್ ಚೌ ಶಾಸನ ಸುಮಾರು ನಾಲ್ಕನೇ ಶತಮಾನದ್ದು, ಚಾಮ್ ಭಾಷೆಯ ಅತಿ ಹಳೇ ಬರಹ, ಮಲಯ್ ಕೂಡ ಸೇರಿರೋ ಇಡೀ ಆಸ್ಟ್ರೋನೇಷ್ಯನ್ ಭಾಷಾ ಕುಟುಂಬದಲ್ಲೇ ಮೊದಲನೇದು. ನಮ್ಮ ಹಲ್ಮಿಡಿ ಶಾಸನ ಸುಮಾರು 450ರದ್ದು ಅಂತಾರಲ್ಲ, ಹೆಚ್ಚು ಕಮ್ಮಿ ಅದೇ ಕಾಲ. ಈಗ ಬಳಸೋ ಅಖರ್ ಥ್ರಾಹ್ ಲಿಪಿ ದಕ್ಷಿಣ ಭಾರತದ ಬ್ರಾಹ್ಮಿಯಿಂದ ಬಂದಿದ್ದು, ಹಂಗಾಗಿ ದೂರದಲ್ಲಿ ಕನ್ನಡ ಲಿಪಿಗೆ ನೆಂಟ. ವಾರದ ಹೆಸರು ಕೇಳಿ: ಅದಿತ್, ಸೋಮ್, ಅಂಗಾರ್, ಬುತ್, ಜಿಪ್, ಸುಕ್, ಸನಚಾರ್.

ಮನೆಗಳಲ್ಲಿ ಬಿದಿರಿನ ಬುಟ್ಟಿಯೊಳಗೆ ಕೈಬರಹ ಪುಸ್ತಕ ಇಡ್ತಾರೆ. ಸುಮ್ನೆ ತೆಗೆಯೋ ಹಂಗಿಲ್ಲ, ಪೂಜೆ ಮಾಡ್ಬೇಕು. ಆ ಭಯಭಕ್ತಿಯಿಂದ ಎಷ್ಟೋ ಪುಸ್ತಕ ಉಳಿದವು, ಅದೇ ಭಯದಿಂದ ಓದೋಕೆ ಬರದೋರು ಮನೇಲಿ ಇಟ್ಕೊಂಡ್ರೆ ಕೇಡು ಅಂತ ಹೊಳೆಗೆ ಬಿಟ್ಟು ಹೋಗಿದ್ದೂ ಇದೆ.

1978ರಲ್ಲಿ ಚಾಮ್ ಪಠ್ಯಪುಸ್ತಕ ಬರೆಯೋಕೆ ಒಂದು ಸಮಿತಿ ಆಯ್ತು, ನಿನ್ ತುವಾನ್‌ನ ಪ್ರೈಮರಿ ಶಾಲೆಗಳಲ್ಲಿ ಚಾಮ್ ಕಲಿಸ್ತಾರೆ. ಆದ್ರೆ ಆ ಸಮಿತಿ ಮಕ್ಕಳಿಗೆ ಸುಲಭ ಆಗ್ಲಿ ಅಂತ ಬರೆಯೋ ಕ್ರಮ ಸ್ವಲ್ಪ ಬದಲಾಯಿಸ್ತು, ಆಗ್ಲಿಂದ ಜಗಳ ಶುರು: ಶಾಲೇಲಿ ಕಲಿತ ಮಗುಗೆ ಅಜ್ಜನ ಪುಸ್ತಕ ಓದೋಕೆ ಬರಲ್ಲ ಅಂತ ಒಂದು ಪಕ್ಷ, ಹಳೇ ಕ್ರಮ ಇಟ್ಕೊಂಡ್ರೆ ಮಗು ಕಲಿಯೋದೇ ಇಲ್ಲ ಅಂತ ಇನ್ನೊಂದು. ಪ್ಯಾರಿಸ್‌ನಲ್ಲಿ ಕೆಲಸ ಮಾಡಿದ ಚಾಮ್ ಇತಿಹಾಸಕಾರ ಪೋ ಧರ್ಮ (2019ರಲ್ಲಿ ತೀರ್ಕೊಂಡ್ರು) ಹಳೇ ಕ್ರಮದ ಪರ ಜೋರಾಗಿ ವಾದ ಮಾಡ್ತಿದ್ರು. ಪ್ರೈಮರಿ ಆದ್ಮೇಲೆ ಶಾಲೇಲಿ ಚಾಮ್ ಮುಂದುವರಿಯಲ್ಲ, ಕೆಲಸಕ್ಕೆ ವಿಯೆಟ್ನಾಮೀಸ್ ಬೇಕು, ಹಂಗಾಗಿ ಹುಡುಗರ ಮಾತಲ್ಲಿ ಅರ್ಧ ವಿಯೆಟ್ನಾಮೀಸ್ ಸೇರ್ಕೊಂಡಿದೆ. 2000ನೇ ಇಸವಿಯಿಂದ ಚಾಮ್ ಬರಹಗಾರರೇ ತಗಲಾವ್ ಅನ್ನೋ ಪತ್ರಿಕೆ ತರೋಕೆ ಶುರು ಮಾಡಿದ್ರು, ಸ್ವಂತ ದುಡ್ಡು, ಚಂದಾ ಹಾಕ್ಕೊಂಡು.

ಮಡಕೆ, ನೇಯ್ಗೆ ಎಲ್ಲ ಟೂರಿಸ್ಟ್‌ಗೆ ಮಾಡೋದಾ?

ಈಗ ಬಹಳ ಮಟ್ಟಿಗೆ ಹೌದು. ಬಾವ್ ಟ್ರುಕ್ ಊರಿನ ಹೆಂಗಸರು (ಚಾಮ್‌ನಲ್ಲಿ ಹಮು ಚ್ರೋಕ್) ತಿಗರಿ ಬಳಸಲ್ಲ, ಮಡಕೆ ಒಂದು ಕಡೆ ಇಟ್ಟು ತಾವೇ ಅದರ ಸುತ್ತ ಹಿಂದೆ ಹಿಂದೆ ನಡೀತಾ ಕೈಯಲ್ಲಿ ಎತ್ತರಿಸ್ತಾರೆ. ಕ್ವಾವ್ ಹೊಳೆ ದಡದ ಜೇಡಿ, ಅದಕ್ಕೆ ಮರಳು, ಆಮೇಲೆ ಬಯಲಲ್ಲೇ ಸೌದೆ, ಹುಲ್ಲು ಹಾಕಿ ಸುಡೋದು. ವಿದ್ಯೆ ತಾಯಿಂದ ಮಗಳಿಗೆ. 2022ರ ನವೆಂಬರ್‌ನಲ್ಲಿ ಯುನೆಸ್ಕೋ ಇದನ್ನ ಪಟ್ಟಿಗೆ ಸೇರಿಸ್ತು, ಆದ್ರೆ ಯಾವ ಪಟ್ಟಿ ನೋಡಿ: ತುರ್ತಾಗಿ ಕಾಪಾಡ್ಬೇಕಾದ್ದು ಅನ್ನೋ ಪಟ್ಟಿ. ಪಕ್ಕದ ಚಕ್ಲೈಂಗ್ ಊರಿನದ್ದು ನೇಯ್ಗೆ. ಅಡುಗೆಗೆ ಮಣ್ಣಿನ ಗಡಿಗೆ ಯಾರೂ ತಗೊಳ್ದೇ ಇದ್ದ ಕಾಲಕ್ಕೆ ಹೂಕುಂಡ, ಗೊಂಬೆ ಮಾಡಿ ಮಾರಿದ್ರಿಂದಾನೇ ಆ ಕೈಗಳು ಕೆಲಸ ಮರೆತಿಲ್ಲ, ಟೂರಿಸ್ಟ್ ಅಂತ ಮೂಗು ಮುರಿಯೋದು ಬೇಡ.

ಬೇರೆ ದೇಶಗಳಲ್ಲೂ ಚಾಮ್ ಇದ್ದಾರಾ?

ಚೀನಾದ ಹೈನಾನ್ ದ್ವೀಪದಲ್ಲಿ ಉತ್ಸಾತ್ ಅಂತ ಸಣ್ಣ ಮುಸ್ಲಿಂ ಗುಂಪಿದೆ, ಸಾವಿರ ವರ್ಷದ ಹಿಂದೆ ಚಂಪಾದಿಂದ ಓಡಿ ಹೋದೋರ ವಂಶ, ಅವರ ಭಾಷೆ ಚೀನೀ ಥರ ಸ್ವರದ ಏರಿಳಿತಕ್ಕೆ ತಿರುಗಿಬಿಟ್ಟಿದೆ. ಬ್ಯಾಂಕಾಕ್‌ನ ಬಾನ್ ಕ್ರುವಾ ಕೇರಿ ಚಾಮ್ ರೇಷ್ಮೆ ನೇಕಾರರದ್ದು, ಥಾಯ್ಲೆಂಡ್‌ನ ಹೆಸರಾದ ಜಿಮ್ ಥಾಮ್ಸನ್ ಕಂಪನಿಯ ರೇಷ್ಮೆ ಮೊದಲು ನೇಯ್ತಿದ್ದಿದ್ದು ಅಲ್ಲೇ, ಎಕ್ಸ್‌ಪ್ರೆಸ್‌ವೇ ಬರುತ್ತೆ ಅಂದಾಗ ವರ್ಷಗಟ್ಟಲೆ ಹೋರಾಡಿ ಕೇರಿ ಉಳಿಸ್ಕೊಂಡ್ರು. ಮಲೇಷ್ಯಾ, ಅಮೆರಿಕಕ್ಕೆ 1975ರ ನಂತರ ನಿರಾಶ್ರಿತರಾಗಿ ಹೋದೋರಿದ್ದಾರೆ, ಕ್ಯಾಲಿಫೋರ್ನಿಯಾದಲ್ಲಿ ಕಾತೆ ಮಾಡ್ತಾರೆ, ಗುಡಿ ಇಲ್ಲ, ಹಾಲ್ ಬಾಡಿಗೆಗೆ ತಗೊಂಡು.

ಸರ್ಕಾರ ತೊಂದರೆ ಕೊಡುತ್ತಾ?

ವಿಯೆಟ್ನಾಂನ 54 ಅಧಿಕೃತ ಜನಾಂಗಗಳಲ್ಲಿ ಚಾಮ್ ಒಂದು, ಹಬ್ಬಕ್ಕೆ ದುಡ್ಡು, ವೇದಿಕೆ, ಭಾಷಣ ಎಲ್ಲ ಇದೆ. ಕುಣಿತ, ಬಟ್ಟೆ, ಮಡಕೆಗೆ ಅಡ್ಡಿ ಇಲ್ಲ. ಚಂಪಾ ಹೆಂಗೆ ಹೋಯ್ತು ಅನ್ನೋ ಇತಿಹಾಸ, ಜಮೀನು, ಇವು ಬಂದಾಗ ವಾತಾವರಣ ಬಿಗಿ ಆಗುತ್ತೆ. ಬಾನಿಗಳಿಗೆ ಇನ್ನೊಂದು ತಲೆನೋವು, ಹಳೇ ಗುರುತಿನ ಚೀಟೀಲಿ ಧರ್ಮದ ಕಡೆ "ಇಸ್ಲಾಂ" ಅಂತ ಬರೀತಿದ್ರು, ನಮ್ಮದು ಬಾನಿ, ಹಂಗೇ ಬರೀರಿ ಅಂತ ಅರ್ಜಿ ಮೇಲೆ ಅರ್ಜಿ ಕೊಟ್ಟಿದ್ದಾರೆ.

ದೊಡ್ಡ ವಿಷಯ ಅಂದ್ರೆ ಅಣುಸ್ಥಾವರ. ನಿನ್ ತುವಾನ್ ಕಡಲ ತೀರದಲ್ಲಿ ಎರಡು ಸ್ಥಾವರ ಕಟ್ಟೋಕೆ 2009ರಲ್ಲಿ ಒಪ್ಪಿಗೆ ಆಯ್ತು. ಫುಕುಶಿಮಾ ಆದ್ಮೇಲೆ ಚಾಮ್ ಲೇಖಕರು ಬಹಿರಂಗವಾಗಿ ವಿರೋಧಿಸಿದ್ರು. ಅವರ ವಾದ ಸರಳ: ಬೇರೆಯೋರು ಜಾಗ ಬಿಟ್ಟು ಹೋಗ್ಬಹುದು, ಗುಡಿ, ಕುಟ್, ಸಮಾಧಿ ಎಲ್ಲ ಇಲ್ಲೇ ಇರೋ ನಾವು ಎಲ್ಲಿಗೆ ಹೋಗೋದು. 2016ರಲ್ಲಿ ಖರ್ಚಿನ ಕಾರಣ ಕೊಟ್ಟು ಯೋಜನೆ ಕೈಬಿಟ್ರು, 2024ರ ಕೊನೇಲಿ ಮತ್ತೆ ಎತ್ಕೊಂಡಿದ್ದಾರೆ.

ನಾವು ಹೋಗಿ ನೋಡ್ಬಹುದಾ?

ಧಾರಾಳವಾಗಿ. ನ್ಯಾ ಟ್ರಾಂಗ್‌ನಿಂದ ಫಾನ್ ರಾಂಗ್ ಸುಮಾರು 100 ಕಿಲೋಮೀಟರ್, ಟ್ರೈನಲ್ಲಿ ಹೋದ್ರೆ ಥಾಪ್ ಚಾಮ್ ಸ್ಟೇಷನ್‌ನಲ್ಲಿ ಇಳೀರಿ, ಪೋ ಕ್ಲೋಂಗ್ ಗರಾಯ್ ಗುಡ್ಡ ಅಲ್ಲೇ ಹತ್ರ. ಬಾವ್ ಟ್ರುಕ್, ಚಕ್ಲೈಂಗ್ ಎರಡೂ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ, ಒಂದೇ ದಿನಕ್ಕೆ ಆಗುತ್ತೆ. ಕಾತೆಗೆ ಹೋಗೋರು ಮೊದಲ ದಿನದ ಗಲಾಟೆ ನೋಡಿ ವಾಪಸ್ ಬಂದ್ಬಿಡ್ತಾರೆ, ಮಾರನೇ ದಿನ ಊರೊಳಗೆ ಹೋಗಿ, ಮನೆಗಳಲ್ಲಿ ಕರೆದು ಊಟಕ್ಕೆ ಕೂರಿಸ್ತಾರೆ. ಗರ್ಭಗುಡಿ ಒಳಗೆ ಕ್ಯಾಮೆರಾ ತೂರಿಸ್ಬೇಡಿ. ಕುಟ್, ಸಮಾಧಿ ಜಾಗಗಳಿಗೆ ಕರೀದೇ ಹೋಗ್ಬೇಡಿ. ಲಿಂಗ ಕಂಡ ತಕ್ಷಣ ಮಂತ್ರ ಶುರು ಮಾಡೋದೂ ಬೇಡ, ಅಲ್ಲಿ ಪೂಜೆ ಮಾಡೋಕೆ ಅವರ ಪುರೋಹಿತರಿದ್ದಾರೆ.

ಕೊನೇ ಪ್ರಶ್ನೆ, ಚಾಮ್ ಲಿಪಿ ಫೋನಲ್ಲಿ ಟೈಪ್ ಮಾಡೋಕೆ ಆಗುತ್ತಾ?

ಆಗುತ್ತೆ. 2008ರಲ್ಲಿ ಯೂನಿಕೋಡ್ 5.1ಗೆ ಸೇರಿತು, ಫಾಂಟ್‌ಗಳೂ ಫ್ರೀಯಾಗಿ ಸಿಗ್ತವೆ. ಆದ್ರೂ ಫೇಸ್‌ಬುಕ್‌ನಲ್ಲಿ ಹುಡುಗರು ಹೆಚ್ಚಾಗಿ ರೋಮನ್ ಅಕ್ಷರದಲ್ಲೇ ಚಾಮ್ ಬರೀತಾರೆ, ನಮ್ಮ ಹುಡುಗರು ಕನ್ನಡ ಬರೆಯೋ ಹಾಗೇನೇ.